ಪದಚರ್ಚೆ: 'ರಿಸ್ಕ್' ಅಂದರೆ ಅಪಾಯವೇ? (ದಿನ ತುಂಬದ ಹೆರಿಗೆಯ ರಕ್ತಪರೀಕ್ಷೆ)

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ನವನಗರದಲ್ಲಿ ಕೂತು ಆಶಾ ಕಾರ್ಯಕರ್ತೆಯರಿಗಾಗಿ ಎರಡು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ವಿಷಯ, ಬಸುರಿಗೆ 11ರಿಂದ 13ನೇ ವಾರದ ಹೊತ್ತಿಗೆ ಮಾಡಿಸುವ ರಕ್ತಪರೀಕ್ಷೆ. ಮೂರು ಪದಗಳ ಹತ್ತಿರ ಪೆನ್ನು ನಿಂತಿದೆ.

ಮೊದಲನೆಯದು ರಿಸ್ಕ್. ನನ್ನ ತಂಗಿಯ ಸೊಸೆಯ ವರದಿಯಲ್ಲಿ ಪ್ಯಾಪ್-ಎ ಎಂಬ ಪ್ರೋಟೀನು 0.38 ಎಂ.ಒ.ಎಂ. ಎಂದಿತ್ತು. ಅದೇ ವಾರದ ಬಸುರಿಯರ ಮಧ್ಯಾಂಕದ 0.38 ಪಟ್ಟು, ಅಂದರೆ ಅರ್ಧಕ್ಕಿಂತ ಕಡಿಮೆ. ವರದಿ ಕೊಟ್ಟವರು "ಅವಧಿಪೂರ್ವ ಹೆರಿಗೆ ಅಪಾಯ ಐತ್ರಿ" ಎಂದಷ್ಟೇ ಹೇಳಿ ಕಳಿಸಿದರು. ಆ ಮಾತು ಮನೆ ಮುಟ್ಟುವಷ್ಟರಲ್ಲಿ "ಕೂಸಿಗೆ ಅಪಾಯ ಐತಂತ" ಆಗಿತ್ತು. ಕಳ್ಳಕುಬಸಕ್ಕೆ ಇಳಕಲ್ ಸೀರೆ ತರಲು ಹೊರಟಿದ್ದ ತಂಗಿ ಚೀಲ ಕೆಳಗಿಟ್ಟು ಅಳುತ್ತಾ ಕೂತಳು.

ಈ ಪ್ರೋಟೀನು ಬರುವುದು ಮಾಸಿನಿಂದ. (ಜರಾಯು ಎಂದು ಬರೆದಿದ್ದೆ, ಓದಿದ ಹೆಣ್ಣುಮಕ್ಕಳೇ ಹೊಡೆದುಹಾಕಿದರು.) ಅದು ಕಡಿಮೆ ಇದ್ದವರಲ್ಲಿ ಕೂಸು ಸಣ್ಣದಾಗುವುದು, 37 ವಾರ ಮುಗಿಯುವ ಮೊದಲೇ ಹೆರಿಗೆಯಾಗುವುದು ಉಳಿದವರಿಗಿಂತ ಹೆಚ್ಚು. ಆದರೂ ಅವರಲ್ಲಿ ಬಹಳಷ್ಟು ಮಂದಿ ದಿನ ತುಂಬಿಯೇ ಹಡೆಯುತ್ತಾರೆ. ಈ 'ಆದರೂ' ಇದೆಯಲ್ಲ, ಅದಕ್ಕೆ 'ಅಪಾಯ'ದಲ್ಲಿ ಜಾಗವೇ ಇಲ್ಲ. ಹಾಗಾಗಿ ನಾನು 'ಸಂಭವ' ಎಂದು ಬರೆದೆ. ಮಳೆಯ ಸಂಭವ ಎಂದರೆ ಬರಬಹುದು, ಬಾರದಿರಬಹುದು ಎಂದು ಒಕ್ಕಲಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಮಾರ್ಕರ್, ಅಂದರೆ ಪ್ಯಾಪ್-ಎಯಂತೆ ಮುಂದೆ ಏನಾಗಬಹುದು ಎಂದು ತೋರಿಸುವ ರಕ್ತದ ಅಂಶ. 'ಲಕ್ಷಣ' ಸರಿಹೋಗದು, ಲಕ್ಷಣ ಬಸುರಿಗೆ ತಾನೇ ಗೊತ್ತಾಗುವಂಥದ್ದು, ಕಾಲು ಬಾತಂತೆ, ಸೊಂಟ ನೊಂದಂತೆ. 'ಕುರುಹು' ಎಂದರೆ ಆಗಿಹೋದದ್ದರ ಗುರುತು. 'ಸುಳಿವು' ನನಗೆ ಹಿಡಿಸಿದೆ, ಆದರೆ 'ರಕ್ತದ ಸುಳಿವು' ಎಂದರೆ ಪೊಲೀಸರ ಮಾತಿನಂತೆ ಕೇಳುತ್ತದೆ ಎಂದರು ಒಬ್ಬರು. ಸದ್ಯಕ್ಕೆ 'ಸೂಚಕ' ಉಳಿಸಿಕೊಂಡಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮೂರನೆಯದು, ಪ್ರೀಟರ್ಮ್. 'ಅಕಾಲಿಕ' ಎಂದೊಡನೆ ಅಕಾಲಮರಣ ನೆನಪಾಗುತ್ತದೆ, ಬಸುರಿಯ ಕೈಗೆ ಕೊಡುವ ಹಾಳೆಯಲ್ಲಿ ಅದು ಬೇಡ. 'ದಿನ ತುಂಬದ ಹೆರಿಗೆ' ನಮ್ಮ ಮನೆಯ ಮಾತು. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಕಡೆ "ಒಂಬತ್ತರಾಗ ಬಿದ್ದಾಳ್ರಿ" ಎಂದರೆ ಇನ್ನೇನು ಚಿಂತೆಯಿಲ್ಲ, ದಿನ ತುಂಬಿದ ಹಾಗೆಯೇ ಎಂದು ಅರ್ಥ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಎಂಟು ತಿಂಗಳು ಮುಗಿದು ಒಂಬತ್ತಕ್ಕೆ ಬೀಳುವುದು ಸುಮಾರು 35ನೇ ವಾರಕ್ಕೆ. ವೈದ್ಯರ ಲೆಕ್ಕದಲ್ಲಿ ದಿನ ತುಂಬಲು ಇನ್ನೂ ಎರಡು ವಾರ ಬೇಕು. ಆ ಎರಡು ವಾರದಲ್ಲಿ ನೋವು ಬಂದರೆ "ಒಂಬತ್ತರಾಗ ಅದಾಳಲ್ಲ" ಎಂದು ಮನೆಯಲ್ಲೇ ಕೂರುವವರನ್ನು ಕಂಡಿದ್ದೇನೆ. ಪದ ನಮ್ಮದೇ ಇರಬೇಕು, ಲೆಕ್ಕ ತಾಯಿ ಕಾರ್ಡಿನ ವಾರದ ಲೆಕ್ಕಕ್ಕೆ ಹೊಂದಬೇಕು. 'ವಾರ ತುಂಬದ ಹೆರಿಗೆ' ಎಂದು ಬರೆದು ನೋಡಿದೆ, ನಾಲಿಗೆಗೆ ಒಗ್ಗುತ್ತಿಲ್ಲ.

ಇಂಡಿ, ಸಿಂದಗಿ, ಅಥಣಿ ಕಡೆಯವರು ಯಾರಾದರೂ ಇದ್ದರೆ, ನಿಮ್ಮೂರಿನ ಸೂಲಗಿತ್ತಿಯರು ಒಂಬತ್ತಕ್ಕೆ ಬಿದ್ದೂ ದಿನ ತುಂಬದೆ ಹುಟ್ಟಿದ ಕೂಸಿಗೆ ಬೇರೆ ಹೆಸರು ಹೇಳುತ್ತಿದ್ದರೇ? ಶುಕ್ರವಾರ ಹಾಳೆ ಅಚ್ಚಿಗೆ ಹೋಗುತ್ತದೆ.