ಸಹಾಯ ಬೇಕು: ಗೇರ್ ಬೈಕ್ ಡಿಎಲ್ ಟೆಸ್ಟ್, ಮೊದಲ ಬೈಕ್

ಎಲ್ಲರಿಗೂ ನಮಸ್ಕಾರ. ಮನೆ ಕೆಂಗೇರಿ, ಕೆಲಸ ಪೀಣ್ಯದಲ್ಲಿ. ಸೆಕೆಂಡ್ ಶಿಫ್ಟ್ ಬಿಡೋ ಹೊತ್ತಿಗೆ ಬಸ್ ಕಷ್ಟ, ದಿನಾ ಆಟೋಗೆ ಕೊಡೋಕಾಗಲ್ಲ. ಹಾಗಾಗಿ ಬೈಕ್ ತಗೋಬೇಕು ಅಂತ ನಿರ್ಧಾರ ಮಾಡಿದ್ದೀನಿ.

ಎಲ್‌ಎಲ್ (ಲರ್ನರ್ ಲೈಸೆನ್ಸ್) ಆಗಿದೆ, ಗೇರ್ ಇರೋದಕ್ಕೇ ಹಾಕಿದ್ದೆ. ಅದರಲ್ಲಿ ಸ್ಕೂಟರ್ ಕೂಡ ಓಡಿಸಬಹುದಲ್ಲ. 30 ದಿನ ಕಳೆದ ಮೇಲೆ, 6 ತಿಂಗಳೊಳಗೆ ಜ್ಞಾನಭಾರತಿ ಆರ್‌ಟಿಒದಲ್ಲಿ ಟೆಸ್ಟ್ ಕೊಡಬೇಕು. ಟೆಸ್ಟ್‌ಗೆ ಅಂತ ಎಂಟರ ಆಕಾರದಲ್ಲಿ ಬೈಕ್ ಓಡಿಸುವಾಗ ಕಾಲು ನೆಲಕ್ಕೆ ತಾಗಿಬಿಡುತ್ತೆ. ಕ್ಲಚ್ ಅರ್ಧ ಹಿಡಿದು ಹಿಂದಿನ ಬ್ರೇಕ್ ಮೇಲೆ ನಿಧಾನಿಸಬೇಕಾ, ಬರೀ ಆಕ್ಸಿಲರೇಟರ್‌ನಲ್ಲಾ? ಅಲ್ಲಿ ಇತ್ತೀಚೆಗೆ ಟೆಸ್ಟ್ ಕೊಟ್ಟವರು ದಯವಿಟ್ಟು ವಿವರವಾಗಿ ಹೇಳಿ. ಏಜೆಂಟ್ ಬೇಡ, ಓಡಿಸೋಕೆ ಬಂದೇ ಡಿಎಲ್ ತಗೋಬೇಕು.

ಬೈಕ್ ವಿಷಯ: ನಾನು ಕುಳ್ಳಿ. ಸ್ಪ್ಲೆಂಡರ್ ಪ್ಲಸ್ ಸೀಟ್ 785 ಮಿ.ಮೀ., ಪ್ಲಾಟಿನಾ 100ರದ್ದು 807. ನನಗೆ ಸ್ಪ್ಲೆಂಡರ್ ಕಡೆಗೇ ಮನಸ್ಸು. ಹೊಸದಕ್ಕೆ ದುಡ್ಡು ಸಾಲದು, ಸೆಕೆಂಡ್ ಹ್ಯಾಂಡ್ ನೋಡ್ತಿದ್ದೀನಿ. ಆರ್‌ಸಿ, ಇನ್ಶೂರೆನ್ಸ್, ಗಾಡಿ ಹೆಸರು ಬದಲಾಯಿಸೋ ಫಾರಂ 29, 30, ಸಾಲ ಇದ್ದರೆ ಬ್ಯಾಂಕ್ ಎನ್‌ಒಸಿ ಕೇಳಬೇಕು ಅಂತ ಗೊತ್ತು. ಇಂಜಿನ್ ಹೇಗೆ ಪರೀಕ್ಷೆ ಮಾಡೋದು? ಕೆಂಗೇರಿ, ನಾಗರಬಾವಿ ಕಡೆ ನಂಬಿಕಸ್ಥ ಮೆಕ್ಯಾನಿಕ್ ಯಾರಾದರೂ ಜೊತೆ ಬಂದು ನೋಡಿಕೊಡ್ತಾರಾ? ಅವರ ಕೂಲಿ ಕೊಡ್ತೀನಿ.