ಮೂಲನಿವಾಸಿಗಳೊಡನೆ ಸಮಾಜಕಾರ್ಯ: ಬೋಧನೆಯನ್ನು ಎಲ್ಲಿಂದ ಆರಂಭಿಸುವುದು?

ಪ್ರಶ್ನೆ

ಮಾನ್ಯರೆ, ನಾನು ಕೆನಡಾದ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಕಾರ್ಯ ಬೋಧಿಸುತ್ತೇನೆ. ಬರುವ ಸೆಮಿಸ್ಟರ್‌ನಲ್ಲಿ ಮೂಲನಿವಾಸಿ ಸಮುದಾಯಗಳೊಡನೆ ಸಮಾಜಕಾರ್ಯ ಎಂಬ ಪಠ್ಯಪತ್ರಿಕೆಯನ್ನು (ಕೋರ್ಸ್) ಮೂಲನಿವಾಸಿಗಳಾದ ಕ್ರೀ ಸಮುದಾಯದ ಸಹೋದ್ಯೋಗಿಯೊಬ್ಬರೊಡನೆ ಹಂಚಿಕೊಂಡು ನಡೆಸಬೇಕಾಗಿದೆ. ನಾನು ಈ ದೇಶಕ್ಕೆ ವಲಸೆ ಬಂದವಳು. ತರಗತಿಯಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳೂ ಇರುತ್ತಾರೆ, ಆ ಸಮುದಾಯಗಳ ಚರಿತ್ರೆಯನ್ನು ಮೊದಲ ಬಾರಿಗೆ ಕೇಳುವವರೂ ಇರುತ್ತಾರೆ. ಹಲವರು ಪದವಿ ಮುಗಿದೊಡನೆ ಮಕ್ಕಳ ರಕ್ಷಣಾ ಸಂಸ್ಥೆಗಳಲ್ಲಿ ನೌಕರಿಗೆ ಸೇರುತ್ತಾರೆ.

ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರ್ಪಡಿಸಿ ಇರಿಸಿದ್ದ ವಸತಿ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಮುಂದಿಟ್ಟ 94 ಕಾರ್ಯಸೂಚನೆಗಳಲ್ಲಿ ಮೊದಲನೆಯದೇ ಮಕ್ಕಳ ಕಲ್ಯಾಣವನ್ನು ಕುರಿತದ್ದು. ಆ ವಸತಿ ಶಾಲೆಗಳ ಚರಿತ್ರೆಯನ್ನೂ ಅವುಗಳ ಪರಿಣಾಮವನ್ನೂ ಸಮಾಜಕಾರ್ಯಕರ್ತರಿಗೆ ಸರಿಯಾಗಿ ಕಲಿಸಬೇಕೆಂದು ಅದು ಕೇಳುತ್ತದೆ. ಕುಟುಂಬಗಳ ಚೇತರಿಕೆಗೆ ಹೆಚ್ಚು ಸೂಕ್ತವಾದ ದಾರಿಗಳು ಆ ಸಮುದಾಯಗಳಲ್ಲೇ ಇರಬಲ್ಲವೆಂಬುದನ್ನೂ ಕಲಿಸಬೇಕೆನ್ನುತ್ತದೆ. ಈ ಎರಡರಲ್ಲಿ ಯಾವುದನ್ನು ಮೊದಲು ಹೇಳಬೇಕು? ಆರಂಭದ ವಾರಗಳನ್ನೆಲ್ಲ ವಸತಿ ಶಾಲೆಗಳಿಗೇ ಮೀಸಲಿಟ್ಟರೆ, ಅಜ್ಜ ಅಜ್ಜಿಯರು ಅಲ್ಲಿಯೇ ಬೆಳೆದಂಥ ವಿದ್ಯಾರ್ಥಿಗಳ ಮೇಲೆ ಅದು ಎಂಥ ಭಾರ ಹೇರೀತೆಂಬ ಅಳುಕಿದೆ. ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ಚರಿತ್ರೆಯಿಂದಲೇ ಆರಂಭಿಸಿ, ಆದರೆ ಮೂಲನಿವಾಸಿಗಳು ಪಟ್ಟ ಪಾಡಿನ ಚರಿತ್ರೆಯಿಂದಲ್ಲ, ನಮ್ಮ ವೃತ್ತಿಯ ಚರಿತ್ರೆಯಿಂದ. ಮೂಲನಿವಾಸಿಗಳನ್ನು ಕುರಿತ ಕೆನಡಾದ ಇಂಡಿಯನ್ ಕಾಯಿದೆಗೆ 1951ರಲ್ಲಿ ಆದ ತಿದ್ದುಪಡಿಯಿಂದ, ಮಕ್ಕಳ ರಕ್ಷಣೆಯವೂ ಸೇರಿದಂತೆ ಪ್ರಾಂತೀಯ ಕಾನೂನುಗಳು ಅವರ ಮೀಸಲು ಪ್ರದೇಶಗಳಿಗೂ ಅನ್ವಯವಾದವು. ಆ ಬಳಿಕ ಮನೆಗಳಿಗೆ ಹೋಗಿ, ಬಡತನವನ್ನೇ ಪೋಷಕರ ನಿರ್ಲಕ್ಷ್ಯವೆಂದು ಬರೆದುಕೊಂಡು, ಮಕ್ಕಳನ್ನು ದೂರದ ಅಪರಿಚಿತ ಕುಟುಂಬಗಳಿಗೆ ದತ್ತು ಕೊಡಿಸಿದವರು ಸಮಾಜಕಾರ್ಯಕರ್ತರು. ಸಿಕ್ಸ್ಟೀಸ್ ಸ್ಕೂಪ್ ಎಂದು ಕರೆಯುವುದು ಇದನ್ನೇ. ಇದು ಮುಗಿದುಹೋದ ಕಥೆಯೆಂದು ಯಾರಾದರೂ ಭಾವಿಸಿದರೆ 2021ರ ಜನಗಣತಿಯನ್ನು ಅವರ ಮುಂದಿಡಿ: ದೇಶದ 14 ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7ರಷ್ಟಿದ್ದರೆ, ಹೆತ್ತವರಿಂದ ದೂರವಾಗಿ ಬೇರೆಯವರ ಪಾಲನೆಯ (ಫಾಸ್ಟರ್) ಮನೆಗಳಲ್ಲಿರುವ ಮಕ್ಕಳಲ್ಲಿ ಅವರ ಪಾಲು ಶೇ. 53.8.

ನಾನು ಮಾಡಿಸುವ ಅಭ್ಯಾಸವೊಂದನ್ನು ಹೇಳುತ್ತೇನೆ. ಗೃಹಭೇಟಿಯ ಕಾಲ್ಪನಿಕ ವರದಿಯೊಂದನ್ನು ವಿದ್ಯಾರ್ಥಿಗಳಿಗೆ ಕೊಡುತ್ತೇನೆ. "ಮೂವರು ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿಲ್ಲ. ಗೋಡೆಗೆ ಬೂಷ್ಟು ಹಿಡಿದಿದೆ. ತಾಯಿ ಮಾತನಾಡಲು ಹಿಂಜರಿದರು." ಇದರಲ್ಲಿ ತಾಯಿಯನ್ನು ಕುರಿತ ವಾಕ್ಯ ಯಾವುದು, ಮನೆಯನ್ನು ಕುರಿತದ್ದು ಯಾವುದು, ಆ ಮನೆಗೂ ನೀರಿಗೂ ಹಣ ಒದಗಿಸಬೇಕಾದವರು ಯಾರು ಎಂದು ಗೆರೆ ಎಳೆದು ಗುರುತಿಸಬೇಕು. ಗೆರೆಗಳೆಲ್ಲ ಬಿದ್ದ ಮೇಲೆ ತಾಯಿಯ ಪಾಲಿಗೆ ಉಳಿಯುವುದು ಕೊನೆಯ ವಾಕ್ಯವೊಂದೇ, ಮಗುವನ್ನು ಎತ್ತಿಕೊಂಡು ಹೋಗುವ ಅಧಿಕಾರವುಳ್ಳವರ ಮುಂದೆ ಯಾವ ತಾಯಿಯಾದರೂ ಹಿಂಜರಿಯುತ್ತಾಳೆ ಎಂಬುದು ಆಗ ತರಗತಿಗೆ ತಾನಾಗಿ ಹೊಳೆಯುತ್ತದೆ. ಈ ಅಭ್ಯಾಸದಲ್ಲಿ ಪರೀಕ್ಷೆಗೆ ಒಳಗಾಗುವುದು ವರದಿ ಬರೆದ ಕೈ. ಮೂಲನಿವಾಸಿ ವಿದ್ಯಾರ್ಥಿಯು ತನ್ನ ಮನೆಯ ನೋವನ್ನು ಎಲ್ಲರೆದುರು ತೆರೆದಿಡಬೇಕಾದ ಪ್ರಸಂಗ ಬರುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಅಭ್ಯಾಸವನ್ನು ನಾನೂ ಮೆಚ್ಚುತ್ತೇನೆ, ಆದರೆ ಕ್ರಮದ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಹಾನಿಯ ಚರಿತ್ರೆಯನ್ನೇ ಮೊದಲು ಕೇಳಿದ ವಿದ್ಯಾರ್ಥಿಯು ಮೂಲನಿವಾಸಿ ಕುಟುಂಬವೆಂದರೆ ಗಾಯಗೊಂಡ ಕುಟುಂಬ, ತಾನು ಅದನ್ನು ಮೇಲೆತ್ತಬೇಕಾದವನು ಎಂಬ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಡುತ್ತಾನೆ. ಹಾಗಾಗಿ ಮೊದಲ ವಾರ ಕಾನೂನು ಮತ್ತು ಅಧಿಕಾರವನ್ನು ಕುರಿತು ಮಾತನಾಡಿ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸ್ಪಲ್ಲುಮ್‌ಚೀನ್ ಎಂಬ ಮೂಲನಿವಾಸಿ ಸಮುದಾಯವು 1980ರಲ್ಲಿಯೇ ತನ್ನ ಮಕ್ಕಳ ಹೊಣೆಯನ್ನು ತಾನೇ ಹೊರುವ ಉಪವಿಧಿಯನ್ನು (ಸ್ಥಳೀಯ ಕಾನೂನನ್ನು) ಜಾರಿಗೆ ತಂದು, ಅದಕ್ಕೆ ಮನ್ನಣೆ ಕೋರಿ ವ್ಯಾಂಕೂವರ್‌ಗೆ ಜಾಥಾ ಹೋಯಿತು. ಮೂಲನಿವಾಸಿಗಳಿಗೆ ಈ ಕ್ಷೇತ್ರದಲ್ಲಿರುವ ಅಧಿಕಾರವನ್ನು ದೃಢಪಡಿಸಿದ ಸಂಯುಕ್ತ ಸರ್ಕಾರದ ಕಾಯಿದೆ ಬಂದದ್ದು 2019ರಲ್ಲಿ. 2024ರ ಫೆಬ್ರವರಿಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ಇಡಿಯಾಗಿ ಎತ್ತಿಹಿಡಿದಿದೆ. ಸಸ್ಕ್ಯಾಚೆವಾನ್ ಪ್ರಾಂತ್ಯದ ಕವೆಸೆಸ್ ಎಂಬ ಮೂಲನಿವಾಸಿ ಸಮುದಾಯ ಈಗ ತನ್ನದೇ ಕಾನೂನಿನಡಿ ಮಕ್ಕಳ ಸೇವೆಗಳನ್ನು ನಡೆಸುತ್ತಿದೆ.

ನಾಳೆ ನಿಮ್ಮ ವಿದ್ಯಾರ್ಥಿ ಯಾವ ಕಾನೂನಿನಡಿ ಆ ಮನೆಯ ಬಾಗಿಲು ತಟ್ಟುತ್ತಿದ್ದಾನೆಂಬುದೇ ಅವನಿಗೆ ತಿಳಿಯದಿದ್ದರೆ, ಎಷ್ಟು ಚರಿತ್ರೆ ಓದಿದ್ದರೂ ಅವನಿಂದ ಹಳೆಯ ಕೆಲಸವೇ ನಡೆದೀತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಸಮುದಾಯದ ಹಿರಿಯರನ್ನು ತರಗತಿಗೆ ಆಹ್ವಾನಿಸುವಾಗ ವಿಶೇಷವಾಗಿ ಗಮನಿಸಬೇಕಾದುದೇನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಮೂರನೆಯ ಉತ್ತರ

ಮೊದಲಿಗೆ ನಿಮ್ಮ ಸಹೋದ್ಯೋಗಿಯನ್ನು ಕೇಳಿ, ಆದರೆ ಸಿದ್ಧತೆಯ ಓಡಾಟವನ್ನೆಲ್ಲ ಅವರ ತಲೆಗೆ ಕಟ್ಟಬೇಡಿ. ಪಠ್ಯಕ್ರಮ ಅಂತಿಮವಾಗುವ ಮೊದಲೇ ಹಿರಿಯರನ್ನು ಕಾಣಬೇಕು. ಏನನ್ನು ಕಲಿಸಬೇಕೆಂಬುದರಲ್ಲಿ ಅವರ ಮಾತಿಗೆ ಆಗಲೇ ಬೆಲೆ ಬರುತ್ತದೆ. ಕ್ರೀ, ಅನಿಷಿನಾಬೆ ಮುಂತಾದ ಹಲವು ಸಮುದಾಯಗಳಲ್ಲಿ ಏನನ್ನಾದರೂ ಕೋರುವಾಗ ಹೊಗೆಸೊಪ್ಪನ್ನು ಅರ್ಪಿಸುವ ಪದ್ಧತಿಯಿದೆ, ಉತ್ತರದ ಹಿಮಪ್ರದೇಶದ ಇನ್ಯೂಯಿಟ್ ಜನರಲ್ಲಿ ಅದು ಇಲ್ಲ. ಆದ್ದರಿಂದ ಬರುವವರು ಯಾವ ಸಮುದಾಯದವರೆಂದು ತಿಳಿದುಕೊಂಡೇ ಹೆಜ್ಜೆಯಿಡಿ. ಗೌರವಧನವನ್ನು ವಿಭಾಗದ ಬಜೆಟ್‌ನಲ್ಲಿ ಮೊದಲೇ ಸೇರಿಸಿ, ಅವರು ಬಂದ ದಿನವೇ ಕೈಗೆ ಸಿಗುವಂತೆ ಲೆಕ್ಕಪತ್ರ ವಿಭಾಗದೊಡನೆ ಮಾತಾಡಿ ಇಟ್ಟುಕೊಳ್ಳಿ. ಎಂಬತ್ತು ದಾಟಿದ ಹಿರಿಯರಿಗೆ ಬ್ಯಾಂಕ್ ವಿವರದ ನಮೂನೆಗಳನ್ನು ಕಳಿಸಿ ವಾರಗಟ್ಟಲೆ ಕಾಯಿಸುವುದು ಅಗೌರವ. ಅನುಮತಿಯಿಲ್ಲದೆ ಧ್ವನಿಮುದ್ರಣ ಬೇಡ. ಅನುಮತಿ ಕೊಟ್ಟರೂ ಆ ಮುದ್ರಿಕೆ ಯಾರ ಬಳಿ ಇರಬೇಕು, ಮುಂದಿನ ವರ್ಷ ಅದನ್ನು ಬಳಸಬಹುದೇ ಎಂಬುದನ್ನು ಅವರೇ ನಿರ್ಧರಿಸಲಿ.

ಇನ್ನು, ಚರ್ಚೆ ಕುಂಟಿದಾಗ ಮೂಲನಿವಾಸಿ ವಿದ್ಯಾರ್ಥಿಯತ್ತ ತಿರುಗಿ "ನಿಮ್ಮಲ್ಲಿ ಹೇಗೆ?" ಎಂದು ಕೇಳುವ ರೂಢಿಯನ್ನು ಖಂಡಿತ ಬಿಡಬೇಕು. ಅವರು ಶುಲ್ಕ ಕಟ್ಟಿ ಕಲಿಯಲು ಬಂದವರು. ಈ ಮಾತನ್ನು ಮೊದಲ ದಿನವೇ ಇಡೀ ತರಗತಿಗೆ ತಿಳಿಸಿಬಿಟ್ಟರೆ ಸಹಪಾಠಿಗಳೂ ಹಾಗೆ ಕೇಳುವುದನ್ನು ನಿಲ್ಲಿಸುತ್ತಾರೆ.