ಪದಚರ್ಚೆ: ಗೇಮ್‌ಗೆ ದುಡ್ಡು ಹಾಕಿದ ‘ಬ್ಯಾಕರ್’ ಹೂಡಿಕೆದಾರನೇ?

ಪ್ರಶ್ನೆ: ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ವಿಡಿಯೊ ಗೇಮ್‌ಗೆ ಹಣ ಕೊಡುವ ‘ಬ್ಯಾಕರ್’ಗಳನ್ನು ಕನ್ನಡದಲ್ಲಿ ‘ಹೂಡಿಕೆದಾರರು’ ಎನ್ನಬಹುದೇ? ಬೆಂಗಳೂರಿನ ಸ್ಟುಡಿಯೊ ಒಂದರ ಪ್ರಕಟಣೆಯ ಅನುವಾದಕ್ಕೆ ಬೇಕಿತ್ತು.

ಉತ್ತರ: ಬೇಡ. ಹೂಡಿಕೆ ಎಂದ ಮೇಲೆ ಷೇರು, ಬಡ್ಡಿ ಅಥವಾ ಲಾಭದ ಪಾಲು ಸಿಗುವ ಮಾತಿರಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 1946ರ ಹೌವಿ ಪ್ರಕರಣದಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟಿದೆ: ಹಣ ಹಾಕಿರಬೇಕು, ಅದು ಎಲ್ಲರೂ ಸೇರಿದ ಉದ್ಯಮಕ್ಕಾಗಿರಬೇಕು, ಲಾಭದ ನಿರೀಕ್ಷೆ ಇರಬೇಕು, ಆ ಲಾಭ ಬೇರೆಯವರ ದುಡಿಮೆಯಿಂದ ಬರಬೇಕು. ಬ್ಯಾಕರ್ ಕಾಯುವುದು ಗೇಮ್‌ನ ಪ್ರತಿಗೆ, ಟೀ ಶರ್ಟಿಗೆ, ಕೊನೆಯ ಹೆಸರುಪಟ್ಟಿಯಲ್ಲಿ ತನ್ನ ಹೆಸರಿಗೆ. ಲಾಭದ ಮಾತಿಗೇ ಅವನು ನಪಾಸು.

ಆಕ್ಯುಲಸ್ ರಿಫ್ಟ್ ಎಂಬ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ನೋಡಿ. 2012ರಲ್ಲಿ ಅದಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು 9,500 ಮಂದಿ 24 ಲಕ್ಷ ಡಾಲರ್ ಕೊಟ್ಟರು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಸುಮಾರು 200 ಕೋಟಿ ಡಾಲರ್‌ಗೆ ಕೊಂಡಿತು. ಇವರಿಗೆ ಬಿಡಿಗಾಸೂ ಬರಲಿಲ್ಲ, ಬರಬೇಕೆಂಬ ಕರಾರೂ ಇರಲಿಲ್ಲ. ಡೆವಲಪರ್ ಕಿಟ್‌ಗೆ (ಗೇಮ್ ತಯಾರಕರಿಗೆಂದು ಮಾಡಿದ ಮೊದಲ ಮಾದರಿಗೆ) ದುಡ್ಡು ಕೊಟ್ಟಿದ್ದವರಿಗೆ 2016ರಲ್ಲಿ ಹೊಸ ಹೆಡ್‌ಸೆಟ್ ಪುಕ್ಕಟೆ ಸಿಕ್ಕಿತು ನಿಜ. ಅದು ಕಂಪನಿಯ ದೊಡ್ಡತನ, ಇವರ ಹಕ್ಕಲ್ಲ.

ಹಾಗಾದರೆ ಗ್ರಾಹಕನೇ? ಅದೂ ಪೂರ್ತಿ ಹೊಂದದು. ತಾನು ಅಂಗಡಿಯಲ್ಲ ಎಂದು ಕಿಕ್‌ಸ್ಟಾರ್ಟರೇ ಹೇಳುತ್ತದೆ. ಗುರಿ ಮುಟ್ಟಿದರೆ ಶೇ 5 ಕಮಿಷನ್ ಮುರಿದುಕೊಳ್ಳುತ್ತದೆ, ಮರುಪಾವತಿಯ ಹೊಣೆ ಹೊರುವುದಿಲ್ಲ. ಯೋಜನೆ ಮುಗಿಸಲಾಗದ ತಂಡ ಹಣ ಹೇಗೆ ಖರ್ಚಾಯಿತೆಂದು ಲೆಕ್ಕ ಕೊಟ್ಟು, ಉಳಿದದ್ದನ್ನು ಹಿಂತಿರುಗಿಸಬೇಕೆಂಬುದು ಷರತ್ತು. ಉಳಿದಿರುವುದೇ ಅಪರೂಪ, ತಕರಾರು ಏಳುವುದೂ ಅಲ್ಲೇ. ಆದರೂ ಅಮೆರಿಕದ ಕಾನೂನು ಬ್ಯಾಕರ್‌ಗಳನ್ನು ಗ್ರಾಹಕರ ಪಕ್ಕಕ್ಕೇ ಕೂರಿಸುತ್ತದೆ: 1.22 ಲಕ್ಷ ಡಾಲರ್ ಎತ್ತಿ ಕೈಕೊಟ್ಟ ಬೋರ್ಡ್ ಗೇಮ್ ಯೋಜನೆಯೊಂದರ ಮೇಲೆ 2015ರಲ್ಲಿ ಬಿದ್ದದ್ದು ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್, ಷೇರುಪೇಟೆ ನಿಯಂತ್ರಕರಲ್ಲ.

ಅಪವಾದವೂ ಇದೆ. 2015ರಲ್ಲಿ ಶುರುವಾದ ಫಿಗ್ ತಾಣದಲ್ಲಿ ಒಂದೇ ಗೇಮ್‌ಗೆ ಎರಡು ಬಾಗಿಲು ಇದ್ದವು. ಸೈಕೋನಾಟ್ಸ್ 2 ಎಂಬ ಗೇಮ್‌ಗೆ ಅಲ್ಲಿ ಕೂಡಿದ 38 ಲಕ್ಷ ಡಾಲರ್‌ನಲ್ಲಿ ಒಂದು ಭಾಗ ಉಡುಗೊರೆಗೆಂದು ಕೊಟ್ಟವರದ್ದು, ಇನ್ನೊಂದು ಭಾಗ ಗಳಿಕೆಯ ಪಾಲಿಗೆಂದು ಹಾಕಿದವರದ್ದು. ಎರಡನೆಯವರನ್ನು ಧಾರಾಳವಾಗಿ ಹೂಡಿಕೆದಾರರು ಎನ್ನಿ.

ನಮ್ಮಲ್ಲಿ ಇದು ಬರೀ ಪದದ ಗೊಡವೆಯಲ್ಲ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಮತ್ತು ಅದರ ನಿಯಮಗಳಂತೆ, ಖಾಸಗಿ ಕಂಪನಿ ಸಾಮಾನ್ಯವಾಗಿ ವರ್ಷಕ್ಕೆ 200 ಜನಕ್ಕಷ್ಟೇ ಷೇರಿನ ಆಹ್ವಾನ ಕೊಡಬಹುದು, ಜಾಹೀರಾತು ಕೂಡದು. ಹೀಗಿರುವಾಗ ಟೀ ಶರ್ಟ್ ಹಂಚುವ ಸ್ಟುಡಿಯೊ ‘ನಮ್ಮ ಗೇಮ್‌ನಲ್ಲಿ ಹೂಡಿಕೆ ಮಾಡಿ’ ಎಂದು ಬರೆದುಕೊಂಡರೆ ಇಲ್ಲದ ತಲೆನೋವನ್ನು ಮೈಮೇಲೆ ಎಳೆದುಕೊಂಡಂತೆ.

ಇನ್ನು ಪದ. ‘ದಾನಿ’ ಆಗದು, ಪ್ರತಿಯಾಗಿ ವಸ್ತು ಬರುತ್ತದೆ. ‘ಬೆಂಬಲಿಗ’ ಎಂದರೆ ಚುನಾವಣೆ ನೆನಪಾಗುತ್ತದೆ, ‘ಪೋಷಕ’ ಎಂದರೆ ಶಾಲೆಯ ಮೀಟಿಂಗು. ಕನ್ನಡ ಪ್ರಕಾಶಕರು ಪ್ರಕಟಣಪೂರ್ವ ಬೆಲೆಗೆ ಮುಂಗಡ ಪಡೆದು ಪುಸ್ತಕ ಅಚ್ಚು ಹಾಕಿಸುವುದಕ್ಕೆ ಈ ವ್ಯವಹಾರ ಹತ್ತಿರ, ಆದರೆ ‘ಚಂದಾದಾರ’ ಎಂದರೆ ತಿಂಗಳ ಪತ್ರಿಕೆಯೆಂದುಕೊಳ್ಳುತ್ತಾರೆ. ನನ್ನ ಮತ ‘ವಂತಿಗೆದಾರ’ಕ್ಕೆ. ನಾಮಪದ ಬದಲಿಸಿ ಕ್ರಿಯಾಪದ ಮರೆಯಬೇಡಿ: ‘ವಂತಿಗೆದಾರರು ಹಣ ಹೂಡಿದರು’ ಎಂದರೆ ಹಳೆಯ ತಪ್ಪೇ ಹಿಂಬಾಗಿಲಿನಿಂದ ಬಂದಂತೆ. ‘9,500 ಮಂದಿ ವಂತಿಗೆ ಹಾಕಿದರು’ ಎಂದರೆ ಸಾಕು.